ಒಲೆಯ ಮುಂದೆ ಕೂತವರ ಅಂಗಿ

ನಮ್ಮ ಕಡೆ ಬಟ್ಟೆ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಸೀರೆ ಹಳೆಯದಾದರೆ ಕೌದಿಯಾಗುತ್ತದೆ. ಪಂಚೆ ಹರಿದರೆ ಕೂಸಿನ ತೊಟ್ಟಿಲಿಗೆ ಹಾಸುತ್ತೇವೆ. ಅದೂ ಜೀರ್ಣವಾದರೆ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಯಾಗಿ ಒಲೆಯ ಪಕ್ಕ ಬಿದ್ದಿರುತ್ತದೆ. ಕೊನೆಗೆ ತಿಪ್ಪೆಗೆ ಹೋಗಿ ಗೊಬ್ಬರವಾಗುತ್ತದೆ. ಇದನ್ನು ಯಾರೂ ಶಾಲೆಯಲ್ಲಿ ಹೇಳಿಕೊಟ್ಟದ್ದಲ್ಲ. ಅಜ್ಜಿ ಮಾಡಿದ್ದನ್ನು ಅಮ್ಮ ಮಾಡಿದಳು, ಅಮ್ಮ ಮಾಡಿದ್ದನ್ನು ನಾವು ಮಾಡುತ್ತೇವೆ. ಒಳ್ಳೆಯ ಪದ್ಧತಿಯೇ, ಬೇಡ ಎನ್ನುವುದಿಲ್ಲ. ಆದರೆ ಬಟ್ಟೆ ಎಂಥದ್ದು ಎಂದು ನೋಡದೆ ಹೀಗೆ ಮಾಡಿದರೆ ಏನಾಗುತ್ತದೆ ಎನ್ನುವುದನ್ನು ಶಿವನಿಯ ಲಿಂಗಮ್ಮನನ್ನು ಕೇಳಬೇಕು.

ಅಜ್ಜಂಪುರ ತಾಲ್ಲೂಕಿನ ಶಿವನಿಯಲ್ಲಿ ಪಂಕಜಾಕ್ಷಿ ಮತ್ತು ಆಕೆಯ ಗಂಡ ರುದ್ರಮೂರ್ತಿ ಒಂದು ತಿಂಡಿ ಘಟಕ ನಡೆಸುತ್ತಾರೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡುತ್ತಾರೆ. ಮನೆಯ ಹಿಂದೆ ಶೀಟು ಹೊದಿಸಿದ ಶೆಡ್ಡು, ಅದರೊಳಗೆ ತೆಂಗಿನ ಚಿಪ್ಪು ಉರಿಸುವ ದೊಡ್ಡ ಒಲೆಗಳು, ಕೆಲಸಕ್ಕೆ ಊರಿನವರೇ ಆದ ಹೆಂಗಸರು. ಕರಿದ ತಿಂಡಿ ಬೀರೂರು, ಕಡೂರಿನ ಅಂಗಡಿಗಳಿಗೆ ಹೋಗುತ್ತದೆ. ದೊಡ್ಡ ಬಾಣಲೆಯ ಮುಂದೆ ಕೂರುವುದು ಲಿಂಗಮ್ಮ. ಐವತ್ತು ದಾಟಿದ ಹೆಂಗಸು, ಮಾತು ಕಮ್ಮಿ, ಕೈ ಚುರುಕು. ಬೀರೂರಿನ ಅಂಗಡಿಯವರು ಚಕ್ಕುಲಿಯ ಒಂದು ಸುತ್ತು ಮುರಿದು ಬಾಯಿಗೆ ಹಾಕಿಕೊಂಡರೆ ಸಾಕು, ಆ ದಿನ ಲಿಂಗಮ್ಮ ಬಂದಿದ್ದಳೋ ಇಲ್ಲವೋ ಹೇಳಿಬಿಡುತ್ತಾರೆ.

ರುದ್ರಮೂರ್ತಿ ಕೆಟ್ಟ ಮನುಷ್ಯರಲ್ಲ. ಅವರಿಗೆ ಇದ್ದದ್ದು ಒಂದೇ ಹುಚ್ಚು. ತಮ್ಮ ಶೆಡ್ಡನ್ನು ನಾಲ್ಕು ಜನ 'ಕಂಪನಿ' ಎನ್ನಬೇಕು. ಪ್ರತಿ ವರ್ಷ ಆಯುಧಪೂಜೆಗೆ ಕೆಲಸದ ಹೆಂಗಸರಿಗೆ ಆ ಮನೆಯವರು ಸೀರೆ ಕೊಡುವುದು ವಾಡಿಕೆ. ಕಳೆದ ವರ್ಷ ರುದ್ರಮೂರ್ತಿ ಸೀರೆಯ ಬದಲು ಎಲ್ಲರಿಗೂ ಕೋಟು ತರಿಸಿದರು. ಫಳಫಳ ಹೊಳೆಯುವ ನೀಲಿ ಕೋಟು, ಪೂರ್ತಿ ಪಾಲಿಸ್ಟರ್, ಬೆನ್ನ ಮೇಲೆ ಹಳದಿ ಅಕ್ಷರದಲ್ಲಿ ಘಟಕದ ಹೆಸರು. ಹೆಂಗಸರನ್ನೆಲ್ಲ ಸಾಲಾಗಿ ಬೆನ್ನು ತಿರುಗಿಸಿ ನಿಲ್ಲಿಸಿ ಫೋಟೋ ತೆಗೆದು ಕಂಡವರಿಗೆಲ್ಲ ಕಳಿಸಿದರು. ಪಾಪ, ಆ ಫೋಟೋದಲ್ಲಿ ಒಬ್ಬರ ಮುಖವೂ ಇರಲಿಲ್ಲ.

ಮೊದಲ ವಾರ ಎಲ್ಲರಿಗೂ ಖುಷಿ. ಆಮೇಲೆ ಕಾಟ ಶುರುವಾಯಿತು. ಬೇಸಿಗೆಯಲ್ಲಿ ಒಲೆಯ ಮುಂದೆ ಕೂತರೆ ಬೆವರು ಹೊರಗೆ ಹೋಗಲೂ ದಾರಿಯಿಲ್ಲ, ಆರಲೂ ದಾರಿಯಿಲ್ಲ. ಲಿಂಗಮ್ಮನ ಕತ್ತಿನ ಸುತ್ತ, ಕಂಕುಳಲ್ಲಿ ಬೆವರುಸಾಲೆ ಎದ್ದಿತು. ಎಷ್ಟು ಒಗೆದರೂ ಕೋಟಿನಿಂದ ಕಮಟು ಎಣ್ಣೆಯ ವಾಸನೆ ಹೋಗಲಿಲ್ಲ. ಹಳದಿ ಅಕ್ಷರ ಸುಲಿದು, ಘಟಕದ ಹೆಸರು ಅರ್ಧ ಉಳಿಯಿತು. ವರ್ಷ ತುಂಬುವ ಮೊದಲೇ ಕೋಟುಗಳು ಮೂಲೆ ಸೇರತೊಡಗಿದವು.

ಮೂಲೆ ಸೇರಿದ ಬಟ್ಟೆಯನ್ನು ನಮ್ಮ ಹೆಂಗಸರು ಸುಮ್ಮನೆ ಬಿಡುತ್ತಾರೆಯೇ? ಲಿಂಗಮ್ಮ ಒಂದು ಹಳೆಯ ಕೋಟಿನ ಬೆನ್ನು ಹರಿದು ಮಡಿಸಿ ಮಸಿಬಟ್ಟೆ ಮಾಡಿಕೊಂಡಳು. ಅದೇ ದಿನ ಕಾದ ಬಾಣಲೆಯ ಹಿಡಿಗಳನ್ನು ಅದರಿಂದಲೇ ಹಿಡಿದು ಎತ್ತಿದಳು. ಹತ್ತಿಯ ಬಟ್ಟೆಯಾಗಿದ್ದರೆ ಬಿಸಿ ತಡೆದು, ಹೆಚ್ಚೆಂದರೆ ಕಂದುತ್ತಿತ್ತು. ಇದು ಕರಗಿತು. ಕರಗಿ ಅಂಗೈಗೆ ಅಂಟಿಕೊಂಡಿತು. ಬಾಣಲೆಯನ್ನು ಬಿಟ್ಟರೆ ಪಕ್ಕದಲ್ಲಿ ಹಿಟ್ಟು ಒತ್ತುತ್ತ ಕೂತಿದ್ದ ಕೆಲಸದ ಹುಡುಗಿ ಸ್ಪಂದನಾಳ ಕಾಲ ಮೇಲೆ ಕಾದ ಎಣ್ಣೆ ಸುರಿಯುತ್ತದೆ. ಲಿಂಗಮ್ಮ ಹಲ್ಲು ಕಚ್ಚಿ ಬಾಣಲೆಯನ್ನು ನೆಲಕ್ಕೆ ಇಳಿಸಿ, ಆಮೇಲೆ ಕಿರುಚಿದಳು.

ಪಂಕಜಾಕ್ಷಿ ಓಡಿ ಬಂದಳು. ಸ್ಪಂದನಾ ಗಾಬರಿಯಲ್ಲಿ ಅಂಟಿದ ಬಟ್ಟೆಯನ್ನು ಕೀಳಲು ಹೋದಳು.

"ಕೀಳ್ಬೇಡ ಕಣೇ! ಚರ್ಮ ಕಿತ್ತು ಬರುತ್ತೆ. ಮೊದ್ಲು ನಲ್ಲಿ ಕೆಳಗೆ ಕೈ ಹಿಡ್ಸು, ನೀರು ಬೀಳ್ತಾನೇ ಇರ್ಲಿ," ಎಂದು ಪಂಕಜಾಕ್ಷಿ ಕೂಗಿದಳು.

ಬಹಳ ಹೊತ್ತು ತಣ್ಣೀರು ಬಿಟ್ಟು, ಒದ್ದೆ ಬಟ್ಟೆ ಸಡಿಲವಾಗಿ ಹೊದಿಸಿ, ಅಜ್ಜಂಪುರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಅಂಟಿದ್ದನ್ನು ಬಿಡಿಸಿ ಪಟ್ಟಿ ಕಟ್ಟಿದರು. ಕೈ ವಾಸಿಯಾಗುತ್ತದೆ, ಆದರೆ ಕೆಲವು ವಾರ ಒಲೆಯ ಹತ್ತಿರ ಸುಳಿಯಬೇಡಿ ಎಂದರು.

ಆ ಸಂಜೆ ರುದ್ರಮೂರ್ತಿ ಆಡಿದ ಮಾತು ಕೇಳಿ ಪಂಕಜಾಕ್ಷಿಗೆ ಮೈಯೆಲ್ಲ ಉರಿಯಿತು.

"ಕೋಟು ಹರ್ದು ಮಸಿಬಟ್ಟೆ ಮಾಡ್ಕೋ ಅಂತ ಯಾರ್ ಹೇಳಿದ್ರು ಅವ್ಳಿಗೆ? ತಪ್ಪು ಕೋಟಿಂದಲ್ಲ. ಈ ಸಲನೂ ಅದೇ ಪಾರ್ಟಿಗೆ ಹೇಳಿದೀನಿ. ಆಯುಧಪೂಜೆಗೆ ಹೊಸ ಕೋಟು ಬರುತ್ತೆ."

"ರೀ, ಒಂದ್ಸಲ ಆಗಿದ್ದು ಸಾಲ್ದಾ? ಲಿಂಗಮ್ಮಕ್ಕ ಏನಂದ್ರು ಗೊತ್ತಾ? ಕೈ ವಾಸಿಯಾದ್ಮೇಲೆ ಬತ್ತೀನಿ, ಆ ಕೋಟು ಹಾಕ್ಕೊಂಡು ಮಾತ್ರ ಒಲೆ ಮುಂದೆ ಕೂರಲ್ಲ ಅಂದ್ರು."

"ಎಲ್ರೂ ಒಂದೇ ಥರ ಇರ್ಬೇಕು ಪಂಕಜಾ. ಅವ್ಳೊಬ್ಳಿಗೆ ಬೇರೆ ರೂಲ್ಸ್ ಮಾಡಕ್ಕಾಗಲ್ಲ."

"ಹಂಗಾದ್ರೆ ಎಲ್ರಿಗೂ ಬದ್ಲಾಯ್ಸಿ."

ಮಾತು ಅಲ್ಲಿಗೇ ನಿಂತಿತು. ಆದರೆ ಪಂಕಜಾಕ್ಷಿ ಸುಮ್ಮನೆ ಕೂರುವ ಪೈಕಿಯಲ್ಲ. ತನ್ನ ಚಿಕ್ಕಪ್ಪನ ಮಗಳು ನಯನಳಿಗೆ ಫೋನ್ ಮಾಡಿದಳು. ನಯನ ಕಡೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಶಾಲೆ ಯೂನಿಫಾರ್ಮು, ಆಸ್ಪತ್ರೆಯ ಅಂಗಿ, ಗ್ಯಾರೇಜಿನವರ ಬಟ್ಟೆ ಎಲ್ಲ ಹೊಲಿದ ಕೈ. ರುದ್ರಮೂರ್ತಿಗೆ ನಾದಿನಿ ಆದ್ದರಿಂದ ಹೆದರಿಕೆ ಎನ್ನುವುದು ಹತ್ತಿರವೂ ಸುಳಿಯುವುದಿಲ್ಲ.

ಭಾನುವಾರ ಬೆಳಿಗ್ಗೆ ಬಂದವಳೇ, ಕೊಟ್ಟ ಕಾಫಿ ಕುಡಿಯುವ ಮೊದಲು ಒಂದು ನೀಲಿ ಕೋಟು ತರಿಸಿ ಬೆಳಕಿಗೆ ಹಿಡಿದಳು.

"ಭಾವ, ಇದು ಯಾವ್ ಬಟ್ಟೆ ಅಂತ ಗೊತ್ತಾ ನಿಮಗೆ?"

"ಪಾಲಿಸ್ಟರ್. ಗಟ್ಟಿ. ಹರಿಯಲ್ಲ, ಬೇಗ ಒಣಗುತ್ತೆ."

"ನೀವ್ ಹೇಳಿದ್ದೆಲ್ಲ ನಿಜ. ಮಳೇಲಿ ಲೋಡ್ ಮಾಡೋರಿಗೆ ಒಳ್ಳೇದೇ. ಆದ್ರೆ ಪಾಲಿಸ್ಟರ್ ಅಂದ್ರೆ ಪ್ಲಾಸ್ಟಿಕ್ ಭಾವ. ನೀರಿನ ಬಾಟ್ಲಿ ಇದ್ಯಲ್ಲ, ಅದೂ ಇದೂ ಒಂದೇ ಜಾತಿ. ಪ್ಲಾಸ್ಟಿಕ್ ಎಳೆ ಮಾಡಿ ನೇಯ್ದಿದಾರೆ ಅಷ್ಟೇ. ಬಾಟ್ಲಿ ಹೊದ್ಕೊಂಡು ಒಲೆ ಮುಂದೆ ಕೂತ್ಕೋ ಅಂದ್ರೆ ಯಾರಾದ್ರೂ ಕೂರ್ತಾರಾ?"

ರುದ್ರಮೂರ್ತಿ ನಕ್ಕರು. "ನೀನು ಹೊಲಿಯೋಳು. ನಿನ್ ಹತ್ರ ಹೊಲಿಸ್ಲಿ ಅಂತ ಹೇಳ್ತೀಯ."

"ಹಂಗಾದ್ರೆ ನನ್ ಹತ್ರ ಹೊಲಿಸ್ಬೇಡಿ. ತರೀಕೆರೇಲಿ ಹೊಲ್ಸಿ, ಬೀರೂರಲ್ಲಿ ಹೊಲ್ಸಿ. ಬಟ್ಟೆ ಮಾತ್ರ ನೋಡಿ ತಗೊಳಿ. ಬನ್ನಿ ಹಿತ್ಲಿಗೆ, ಒಂದ್ ತೋರಿಸ್ತೀನಿ."

ಹಿತ್ತಲಲ್ಲಿ ಪಕ್ಕಕ್ಕೆ ನೀರಿನ ಬಕೀಟು ಇಟ್ಟುಕೊಂಡು, ನಯನ ಕೋಟಿನ ಅಂಚಿನಿಂದ ಒಂದು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಬೆಂಕಿಕಡ್ಡಿ ಗೀರಿದಳು. ಎಳೆ ಮುದುಡಿ, ಕರಗಿ, ತುದಿಯಲ್ಲಿ ಕಪ್ಪು ಗುಂಡಾಯಿತು. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಆರಿದ ಮೇಲೆ ಗುಂಡು ಕಲ್ಲಿನಂತೆ ಗಟ್ಟಿ. ಆಮೇಲೆ ಹತ್ತಿಯ ಹಳೆಯ ಪಂಚೆಯ ಎಳೆಗೆ ಕಡ್ಡಿ ಇಟ್ಟಳು. ಅದು ಕಾಗದದಂತೆ ಉರಿದು ಬೂದಿಯಾಯಿತು. ಬೆರಳಲ್ಲಿ ಉಜ್ಜಿದರೆ ಪುಡಿ.

"ನೋಡು, ಹತ್ತಿನೂ ಉರೀತಲ್ಲ!" ರುದ್ರಮೂರ್ತಿ ಗೆದ್ದವರಂತೆ ಹೇಳಿದರು.

"ಉರಿಯುತ್ತೆ ಭಾವ. ಇಲ್ಲ ಅಂದ್ನಾ? ಹತ್ತಿ ಹಾಕ್ಕೊಂಡೋರೂ ಹುಷಾರಾಗೇ ಇರ್ಬೇಕು. ಜೋಲು ತೋಳು, ಸೆರಗು ಒಲೆ ಹತ್ರ ಬರ್ಬಾರ್ದು. ಆದ್ರೆ ಹತ್ತಿ ಕರಗಿ ಮೈಗೆ ಅಂಟಲ್ಲ. ಲಿಂಗಮ್ಮಕ್ಕನ ಕೈಗೆ ಆಗಿದ್ದು ಅದೇ ತಾನೆ?"

ಅಷ್ಟು ಹೊತ್ತಿಗೆ ಹಿತ್ತಲಿನ ತಿಪ್ಪೆಯಿಂದ ತೆಂಗಿನ ಬುಡಕ್ಕೆ ಗೊಬ್ಬರ ಹೊರುತ್ತಿದ್ದ ತೋಟದ ಆಳು ಚೌಡಪ್ಪ ಅಲ್ಲಿಂದಲೇ ಕೂಗಿದ. "ಯಜಮಾನ್ರೇ, ಇದೇನ್ ಮಾಡ್ಲಿ? ಗುದ್ಲಿಗೆ ಸುತ್ಕೊಂಡು ಸಾಯ್ತಾ ಐತೆ!"

ಅವನ ಗುದ್ದಲಿಗೆ ನೀಲಿ ಬಟ್ಟೆ ಸಿಕ್ಕಿಕೊಂಡಿತ್ತು. ಕಳೆದ ದೀಪಾವಳಿಯ ಹೊತ್ತಿಗೇ ಕಿಡಿ ಬಿದ್ದು ತೂತಾಯಿತೆಂದು ಯಾರೋ ತಿಪ್ಪೆಗೆ ಎಸೆದ ಕೋಟು. ಸಗಣಿ ಕೊಳೆತಿತ್ತು, ಗರಿ ಕೊಳೆತಿತ್ತು, ಹರಿದ ಗೋಣಿಚೀಲ ಕೂಡ ಕೊಳೆತಿತ್ತು. ಕೋಟು ಮಾತ್ರ ತೊಳೆದರೆ ಇವತ್ತೇ ಹಾಕಿಕೊಳ್ಳುವ ಹಾಗಿತ್ತು. ಚೌಡಪ್ಪ ಅದನ್ನು ಜಾಡಿಸಿ ಬೇಲಿಗೆ ಹಾಕಿದ.

ಪಂಕಜಾಕ್ಷಿ ಗಂಡನ ಕಡೆ ನೋಡಿದಳು. "ತೆಂಗಿನ ಬುಡಕ್ಕೆ ಇದನ್ನ ಹಾಕ್ತಿದೀವಿ ನಾವು."

"ಇದು ಕಣ್ಣಿಗೆ ಕಾಣೋ ತುಂಡು," ನಯನ ಹೇಳಿದಳು. "ಕಾಣ್ದೇ ಇರೋದು ಇನ್ನೊಂದಿದೆ. ಪಾಲಿಸ್ಟರ್ ಒಗ್ದಾಗೆಲ್ಲ ಸಣ್ಣ ಸಣ್ಣ ಎಳೆ ಉದುರಿ ನೀರಿಗೆ ಸೇರುತ್ತೆ. ನೀವು ಕೋಟು ಒಗ್ದ ನೀರು ಎಲ್ಲಿಗೆ ಹೋಗುತ್ತೆ?"

"ತೋಟಕ್ಕೆ."

"ಅಲ್ಲಿಂದ ಮಣ್ಣಿಗೆ. ಜೋರು ಮಳೆ ಬಂದ್ರೆ ಕೆರೆಗೆ. ಆ ಎಳೆ ಮಣ್ಣಲ್ಲೂ ಕೊಳೆಯಲ್ಲ, ನೀರಲ್ಲೂ ಕರಗಲ್ಲ. ಅದೇ ಕೆರೇಲಿ ನಮ್ ದನ ನೀರು ಕುಡಿಯುತ್ತೆ."

ರುದ್ರಮೂರ್ತಿ ಆಗಲೂ ಸೋಲಲಿಲ್ಲ. ಮನಸ್ಸಿನಲ್ಲಿದ್ದದ್ದು ಕೊನೆಗೆ ಬಾಯಿಗೆ ಬಂತು. "ಎಲ್ಲ ಸರಿನಮ್ಮಾ. ಆದ್ರೆ ಹತ್ತಿ ಬಟ್ಟೆ ಸುಕ್ಕು ಸುಕ್ಕಾಗಿರುತ್ತೆ. ಯಾರಾದ್ರೂ ದೊಡ್ ವ್ಯಾಪಾರಿ ಬಂದು ನೋಡಿದ್ರೆ ಏನಂತಾನೆ? ಕಂಪನಿ ಅಂದ್ಮೇಲೆ ಒಂದು ಗತ್ತು ಬೇಡ್ವಾ?"

ಪಂಕಜಾಕ್ಷಿಗೆ ಇದೇ ಮಾತು ಬೇಕಿತ್ತು. ಆ ದಿನ ಬೀರೂರಿಗೆ ಹೋಗಬೇಕಾದ ಚಕ್ಕುಲಿ ಇನ್ನೂ ಕರಿದಾಗಿರಲಿಲ್ಲ. ಲಿಂಗಮ್ಮನ ಜಾಗ ಖಾಲಿ ಇತ್ತು.

"ಗತ್ತು ಬೇಕು ಅಂತೀರಲ್ಲ, ನೀವೇ ಹಾಕ್ಕೊಳಿ ಆ ಕೋಟು. ಲಿಂಗಮ್ಮಕ್ಕನ ಜಾಗದಲ್ಲಿ ಕೂತು ಇವತ್ತಿನ ಚಕ್ಕುಲಿ ಕರೀರಿ. ಒಂದು ಗಂಟೆ ಕೂತು ಎದ್ರೆ ನಾನು ಇನ್ಯಾವತ್ತೂ ಬಟ್ಟೆ ಮಾತು ಎತ್ತಲ್ಲ."

ಹೆಂಗಸರೆಲ್ಲ ಕೆಲಸ ಬಿಟ್ಟು ನೋಡಿದರು. ಸ್ಪಂದನಾ ನಗು ತಡೆಯಲಾರದೆ ಹಿಟ್ಟಿನ ಪಾತ್ರೆಯ ಕಡೆ ತಿರುಗಿದಳು. ಇಷ್ಟು ಜನರ ಎದುರು ಬೇಡ ಎನ್ನಲು ರುದ್ರಮೂರ್ತಿಗೆ ಆಗಲಿಲ್ಲ. ಕೋಟು ತೊಟ್ಟು, ಗುಂಡಿ ಹಾಕಿ, ಒಲೆಯ ಮುಂದೆ ಮಣೆ ಎಳೆದುಕೊಂಡು ಕೂತರು. ಪಂಕಜಾಕ್ಷಿ ನೀರಿನ ಬಕೀಟನ್ನು ಸದ್ದಿಲ್ಲದೆ ಅವರ ಪಕ್ಕಕ್ಕೆ ತಂದಿಟ್ಟಳು. ಗಂಡನ ಮೇಲೆ ಸಿಟ್ಟಿದ್ದರೂ ಅವಳು ಬುದ್ಧಿಗೆಟ್ಟವಳಲ್ಲ.

ಇಷ್ಟು ವರ್ಷ ಆ ಶೆಡ್ಡಿನ ಬಾಗಿಲಲ್ಲಿ ನಿಂತು ಫೋನಿನಲ್ಲಿ ಮಾತಾಡಿದವರು ಅವರು. ಒಲೆಯ ಮುಂದೆ ಕೂತದ್ದು ಅದೇ ಮೊದಲು. ಮೊದಲ ಬಾಣಲೆ ಇಳಿಯುವ ಮುಂಚೆಯೇ ಬೆವರು ಬೆನ್ನಿನಲ್ಲಿ ಧಾರೆಯಾಗಿ ಇಳಿಯಿತು. ಕೋಟು ಮೈಗೆ ಅಂಟಿತು. ಎಳೆದು ಬಿಡಿಸಿದರೆ ಮತ್ತೆ ಅಂಟಿತು. ಕತ್ತು ಕೆರೆದುಕೊಳ್ಳಲು ಕೈಯೆತ್ತಿದರೆ ಎಣ್ಣೆಯಲ್ಲಿನ ಚಕ್ಕುಲಿ ಕಪ್ಪಾಯಿತು.

"ತಿರುಗ್ಸಿ ಭಾವ, ತಿರುಗ್ಸಿ! ವ್ಯಾಪಾರಿ ಬಂದು ನೋಡಿದ್ರೆ ಏನಂತಾನೆ?" ನಯನ ಪಕ್ಕದಿಂದ ರೇಗಿಸಿದಳು.

ಅವರು ಉತ್ತರ ಕೊಡಬೇಕು ಎನ್ನುವಷ್ಟರಲ್ಲಿ ಒಲೆಯೊಳಗೆ ತೆಂಗಿನ ಚಿಪ್ಪು ಚಟ್ಟೆಂದು ಸಿಡಿಯಿತು. ಒಂದು ಕಿಡಿ ಹಾರಿ ತೋಳಿನ ಮೇಲೆ ಕೂತಿತು. ಸಣ್ಣ ಕಿಡಿ, ಕಡಲೆಕಾಳಿನಷ್ಟೂ ಇಲ್ಲ. ಕೂತಲ್ಲೇ ಬಟ್ಟೆ ಕರಗಿ, ಬಿಸಿ ಹನಿ ಒಳಗಿನ ಚರ್ಮಕ್ಕೆ ತಗುಲಿತು. ರುದ್ರಮೂರ್ತಿ "ಅಯ್ಯಪ್ಪಾ!" ಎಂದು ಎದ್ದು ತೋಳನ್ನು ಬಕೀಟಿನೊಳಗೆ ಅದ್ದಿದರು. ಯಾರೂ ನಗಲಿಲ್ಲ. ನಗಲು ಕಾದಿದ್ದ ಸ್ಪಂದನಾ ಕೂಡ ನಗಲಿಲ್ಲ.

ಅವರು ಕೋಟು ಬಿಚ್ಚಿ ನೆಲದ ಮೇಲೆ ಇಟ್ಟರು. ತೋಳಿನ ಮೇಲೆ ಕೆಂಪು ಚುಕ್ಕೆ ಎದ್ದಿತ್ತು. ಅದನ್ನೇ ನೋಡುತ್ತಾ ಕೇಳಿದರು, "ನಿಮಗೆಲ್ಲ ಹಿಂಗೆ ಆಗಿತ್ತಾ?"

ಹೆಂಗಸರು ಒಬ್ಬೊಬ್ಬರೇ ತೋಳು ಮಡಿಸಿ ತೋರಿಸಿದರು. ಎಲ್ಲರ ಕೈಮೇಲೂ ಕಪ್ಪು ಚುಕ್ಕೆಗಳಿದ್ದವು.

"ಯಾಕ್ ಹೇಳ್ಲಿಲ್ಲ ನಂಗೆ?"

"ನೀವ್ ಕೇಳ್ಲಿಲ್ಲ ಯಜಮಾನ್ರೇ," ಎಂದಳು ಸ್ಪಂದನಾ.

ರುದ್ರಮೂರ್ತಿಗೆ ನಾಚಿಕೆಯಾಯಿತು. ಅಲ್ಲಿಯೇ ನಿಂತು ಕೋಟಿನವನಿಗೆ ಫೋನ್ ಮಾಡಿದರು. ಬಟ್ಟೆ ಇನ್ನೂ ಕತ್ತರಿಸಿಲ್ಲ ಎಂದ ಅವನು. "ಹಂಗಾದ್ರೆ ಕತ್ತರಿಸ್ಬೇಡಪ್ಪಾ. ನಮಗೆ ಬೇಡ. ಇಲ್ಲ, ಕಮ್ಮಿ ಮಾಡಿದ್ರೂ ಬೇಡ," ಎಂದು ಫೋನ್ ಇಟ್ಟರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಚಪ್ಲಿ ಮೆಟ್ಕೋ. ಲಿಂಗಮ್ಮನ ಮನೆಗೆ ಹೋಗೋಣ," ಎಂದರು.

ಲಿಂಗಮ್ಮ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದಳು. ಗಂಡ ಹೆಂಡತಿಯನ್ನೂ ಅಳತೆ ಟೇಪು ಹಿಡಿದ ನಯನಳನ್ನೂ ನೋಡಿ ಎದ್ದು ನಿಂತಳು.

"ಕೂತ್ಕೊಳಿ ಲಿಂಗಮ್ಮಕ್ಕ," ಪಂಕಜಾಕ್ಷಿ ಹೇಳಿದಳು. "ಇವ್ರು ನಿಮ್ಮನ್ನೇನೋ ಕೇಳ್ಬೇಕಂತೆ."

ರುದ್ರಮೂರ್ತಿ ಗಂಟಲು ಸರಿಮಾಡಿಕೊಂಡರು. "ಲಿಂಗಮ್ಮ, ಒಲೆ ಮುಂದೆ ಕೂರೋಕೆ ಎಂಥಾ ಅಂಗಿ ಬೇಕು? ನೀನು ಹೇಳ್ದಂಗೆ ಹೊಲಿಸ್ತೀವಿ."

ಲಿಂಗಮ್ಮ, ಇವರು ತಮಾಷೆ ಮಾಡುತ್ತಿದ್ದಾರೋ ಎಂದು ಮುಖ ನೋಡಿದಳು. ಅಲ್ಲ ಎಂದು ಗೊತ್ತಾದ ಮೇಲೆ, ಯಾವತ್ತೂ ಹೆಚ್ಚು ಮಾತಾಡದ ಹೆಂಗಸು ಒಂದೇ ಸಮ ಹೇಳಿದಳು.

"ನೂಲಿನ ಬಟ್ಟೆ ಇರ್ಲಿ. ತೋಳು ಮೊಣಕೈಗಿಂತ ಸ್ವಲ್ಪ ಕೆಳ್ಗೆ ಬರ್ಲಿ, ಬಿಗಿಯಾಗಿರ್ಲಿ, ಜೋಲಾಡ್ಬಾರ್ದು. ಕಂಕುಳತ್ರ ಸಡ್ಲ ಬಿಡಿ, ಇಲ್ದಿದ್ರೆ ಹಿಟ್ಟು ಒತ್ತೋವಾಗ ಹಿಡಿಯುತ್ತೆ. ಗುಂಡಿ ಹಿಂದ್ಗಡೆ ಬ್ಯಾಡ. ಏನಾರ ಆದ್ರೆ ಮುಂದಿಂದ ಎಳ್ದು ಕಿತ್ತಾಕಂಗಿರ್ಬೇಕು. ಬಣ್ಣ ಬಿಳೀದು ಬ್ಯಾಡ, ಅರಿಶಿನದ ಕಲೆ ಹೋಗ್ಸಕ್ಕೇ ಸೋಪೆಲ್ಲ ಖರ್ಚಾಗ್ತದೆ."

ನಯನ ಅಳತೆ ತೆಗೆದುಕೊಂಡಳು. ದಾರಿಯಲ್ಲಿ ಬರುತ್ತಾ ಪಂಕಜಾಕ್ಷಿಗೆ ತನ್ನ ಕಡೆಯಿಂದಲೂ ನಾಲ್ಕು ಮಾತು ಹೇಳಿದಳು.

"ಅಕ್ಕಾ, ಅಂಗಡೀಲಿ ಬರೀ ಕಾಟನ್ ಅಂತ ಕೇಳ್ಬೇಡ. ಅರ್ಧಂಬರ್ಧ ಪಾಲಿಸ್ಟರ್ ಸೇರ್ಸಿರೋದನ್ನೂ ಕಾಟನ್ ಅಂತಾನೇ ಕೊಡ್ತಾರೆ. ಪೂರ್ತಿ ಹತ್ತೀನಾ ಅಂತ ಕೇಳು, ಒಂದೆಳೆ ಈಸ್ಕೊಂಡು ಸುಟ್ಟು ನೋಡು. ಬಣ್ಣ ಬಿಡುತ್ತಾ ಅಂತ ಒದ್ದೆ ಬಿಳಿ ಬಟ್ಟೇಲಿ ಉಜ್ಜಿ ನೋಡು. ಆ ಬಣ್ಣನೂ ಕೊನೆಗೆ ನಿಮ್ ತೋಟಕ್ಕೇ ಹೋಗೋದು. ಕೈಮಗ್ಗದ್ದು ಸಿಕ್ಕಿದ್ರೆ ಇನ್ನೂ ಒಳ್ಳೇದು. ಹೊಲಿಯೋ ಮುಂಚೆ ನೀರಲ್ಲಿ ನೆನೆಸಿ ಒಣಗ್ಸಬೇಕು, ಇಲ್ದಿದ್ರೆ ಆಮೇಲೆ ಕುಗ್ಗುತ್ತೆ."

"ಒಬ್ಬೊಬ್ರಿಗೆ ಎಷ್ಟು ಬೇಕು?"

"ಎರಡು ಸಾಕು. ಒಂದು ಮೈಮೇಲೆ, ಒಂದು ಹಗ್ಗದ ಮೇಲೆ. ಹತ್ತಿ ಬೆಳೆಯೋಕೂ ನೀರು ಬೇಕು, ಔಷ್ದಿ ಹೊಡೀತಾರೆ. ಅಗ್ಗ ಅಂತ ರಾಶಿ ಹೊಲಿಸ್ಬಾರ್ದು. ಕಾಲರ್ ಸವೆದ್ರೆ ಕಾಲರ್ ಬದ್ಲಾಯ್ಸು, ತೂತಾದ್ರೆ ತೇಪೆ ಹಾಕ್ಸು. ಹೆಸರು ಪ್ರಿಂಟ್ ಹಾಕ್ಸಬೇಡ, ಜೇಬಿನ ಮೇಲೆ ದಾರದಲ್ಲಿ ಹೊಲ್ದ್ರೆ ಸುಲಿಯಲ್ಲ."

"ಹಳೇ ನೀಲಿ ಕೋಟು ಒಲೆಗೆ ಹಾಕ್ಬಿಡ್ಲಾ?"

"ಅಯ್ಯೋ, ಸುಡ್ಬೇಡ! ಆ ಹೊಗೆ ಕುಡಿಯೋರು ನೀವೇ. ತಿಪ್ಪೆಗೂ ಬೇಡ. ಬೆಂಕಿ ಹತ್ರ ಇಲ್ದಿರೋ ಕೆಲ್ಸಕ್ಕೆ ಇಟ್ಕೊಳಿ. ಡಬ್ಬ ಲೋಡ್ ಮಾಡೋರು ಮಳೇಲಿ ಹಾಕ್ಕೊಳ್ಲಿ."

ಬಟ್ಟೆ ಆರಿಸಲು ಪಂಕಜಾಕ್ಷಿ ಹೋದಳು. ಜೊತೆಗೆ ಬಂದ ರುದ್ರಮೂರ್ತಿ ಅಂಗಡಿಯವನ ಮುಂದೆಯೇ ಎಳೆ ಕೇಳಿ ಪಡೆದರು. ಮೊದಲ ಅಂಗಡಿಯ ಬಟ್ಟೆ ಗುಂಡು ಕಟ್ಟಿತು. ಎರಡನೆಯದು ಬಣ್ಣ ಬಿಟ್ಟಿತು. ಪಂಕಜಾಕ್ಷಿ ಬಿಡಲಿಲ್ಲ. ಕೊನೆಗೆ ಇಟ್ಟಿಗೆ ಬಣ್ಣದ ಕೈಮಗ್ಗದ ಹತ್ತಿ ಬಟ್ಟೆ ಸಿಕ್ಕಿತು. ಹೊಲಿದವಳು ನಯನಳೇ. "ಬೇಡ ಅಂದ್ರೂ ನನ್ ಹತ್ರಾನೇ ಬಂದ್ರಲ್ಲ ಭಾವ" ಎಂದು ರೇಗಿಸದೆ ಅವಳು ಬಿಡಲಿಲ್ಲ.

ಆಯುಧಪೂಜೆಯ ದಿನ ಬಾಣಲೆಗಳಿಗೆ, ಚಕ್ಕುಲಿ ಒರಳುಗಳಿಗೆ ವಿಭೂತಿ ಹಚ್ಚಿ ಹೂವಿಟ್ಟು ಪೂಜೆ ಮಾಡಿದರು. ಹೊಸ ಅಂಗಿಗಳನ್ನೂ ಅಲ್ಲೇ ಇಟ್ಟಿದ್ದರು. ಈ ಸಲ ಅಂಗಿಯ ಜೊತೆ ಸೀರೆಯೂ ಇತ್ತು. ಅಂಗಿ ಕೆಲಸಕ್ಕೆ, ಸೀರೆ ಸಂಭ್ರಮಕ್ಕೆ, ಒಂದರ ಬದಲು ಇನ್ನೊಂದು ಬೇಡ ಎಂದು ಪಂಕಜಾಕ್ಷಿ ಹಟ ಹಿಡಿದಿದ್ದಳು. ಲಿಂಗಮ್ಮ ಬಂದಿದ್ದಳು. ಅಂಗೈ ವಾಸಿಯಾಗಿತ್ತು, ಕಲೆ ಮಾತ್ರ ಉಳಿದಿತ್ತು.

ಮಾರನೆಯ ದಿನ ವಿಜಯದಶಮಿಯ ರಜೆ ಕಳೆದು ಅವಳು ಹೊಸ ಅಂಗಿ ತೊಟ್ಟು ತನ್ನ ಜಾಗದಲ್ಲಿ ಕೂತಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಬಾಣಲೆಯ ಮೇಲೆ ಬಾಣಲೆ ಇಳಿಯಿತು. ರುದ್ರಮೂರ್ತಿ ಎರಡು ಸಲ ಬಾಗಿಲವರೆಗೆ ಬಂದು, ಕೇಳಲು ಸಂಕೋಚಪಟ್ಟು, ಹಿಂದಕ್ಕೆ ಹೋದರು. ಊಟದ ಹೊತ್ತಿಗೆ ತಡೆಯಲಾಗಲಿಲ್ಲ.

"ಲಿಂಗಮ್ಮ, ಅಂಗಿ ಹೆಂಗಿದೆ?"

ಲಿಂಗಮ್ಮ ತನ್ನನ್ನೇ ತಾನು ಒಮ್ಮೆ ಬಗ್ಗಿ ನೋಡಿಕೊಂಡಳು. ತೋಳಿನ ಮೇಲೆ ಕಿಡಿ ಬಿದ್ದು ಕಂದಿದ ಒಂದು ಚುಕ್ಕೆಯಿತ್ತು. ಅದರ ಕೆಳಗೆ ಚರ್ಮಕ್ಕೆ ಏನೂ ಆಗಿರಲಿಲ್ಲ.

"ಮೈಮೇಲೆ ಐತೆ ಅನ್ನೋದೇ ಮರ್ತೋಗಿತ್ತು ಯಜಮಾನ್ರೇ," ಎಂದಳು. "ನೀವು ಕೇಳಿದ್ಮೇಲೇ ಗ್ಯಾನ ಬಂತು."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೀವು ಹೋಟೆಲ್ ನಡೆಸುತ್ತಿರಬಹುದು, ಬೇಕರಿ, ಎಣ್ಣೆ ಗಾಣ, ವೆಲ್ಡಿಂಗ್ ಶಾಪು, ಸಂಘದ ರೊಟ್ಟಿ ಘಟಕ ಯಾವುದೇ ಇರಬಹುದು. ಕೆಲಸದವರಿಗೆ ಬಟ್ಟೆ ಹೊಲಿಸುವ ಮುಂಚೆ ಅದನ್ನು ತೊಡುವವರನ್ನು ಕೇಳಿ. ಬೆಂಕಿಯ ಹತ್ತಿರ ಕೆಲಸ ಮಾಡುವವರ ಮೈಮೇಲೆ ಪ್ಲಾಸ್ಟಿಕ್ ಬಟ್ಟೆ ಬೇಡ. ಪೂರ್ತಿ ಹತ್ತಿಯದನ್ನೇ ಆರಿಸಿ, ಬೇಕಾದಷ್ಟೇ ಹೊಲಿಸಿ, ತೇಪೆ ಹಾಕಿ ಬಾಳಿಸಿ. ನಿಮ್ಮ ಮಣ್ಣು, ನಿಮ್ಮ ಕೆರೆ, ನಿಮ್ಮ ಜನ ಮೂರೂ ಉಳಿಯುತ್ತವೆ. ವೆಲ್ಡಿಂಗ್‌ನಂಥ ಕೆಲಸಕ್ಕೆ ಹತ್ತಿಯ ಜೊತೆ ಚರ್ಮದ ರಕ್ಷೆಯೂ ಬೇಕು, ಅದನ್ನು ಮರೆಯಬೇಡಿ.

ನಾಳೆ ಅಂತ ಮುಂದಕ್ಕೆ ಹಾಕಬೇಡಿ. ಈಗಲೇ ಎದ್ದು ನಿಮ್ಮ ಒಲೆಯ ಹತ್ತಿರ ಹೋಗಿ. ಅಲ್ಲಿ ಕೂತವರ ತೋಳು ನೋಡಿ, ಕಲೆ ಇದೆಯಾ ಎಂದು ಕೇಳಿ. ಅವರು ತಾವಾಗಿ ಹೇಳುವುದಿಲ್ಲ.